ಮೆಟ್ಟಿಲ ಮೇಲೆ ಕೂತ ಏಳನೇ ಕ್ಲಾಸು

ಆಗಸ್ಟ್ ೩, ಭಾನುವಾರ

ನನ್ನ ಮುದ್ದು ಮಹಾರಾಯನಿಗೆ,

ಮೊದಲು ಕ್ಷಮೆ ಕೇಳಿಬಿಡುತ್ತೇನೆ. ಹೋದ ವಾರದ ದೋಣಿಗೆ ನನ್ನ ಕಾಗದ ಹತ್ತಲಿಲ್ಲ. ಹತ್ತಿಸಬೇಕಾದವಳು ಶಾಲೆಯಿಂದ ಬಂದವಳೇ ಶೂ ಕೂಡ ಬಿಚ್ಚದೆ ಸೋಫಾದ ಮೇಲೆ ಬಿದ್ದು ನಿದ್ದೆಹೋಗಿದ್ದಳು. ನಿನ್ನಮ್ಮ ಎಬ್ಬಿಸಲಿಲ್ಲ. ಶೂ ಬಿಚ್ಚಿ, ಹೊದಿಕೆ ಹೊದಿಸಿ, ಹೊಲಿಗೆ ಯಂತ್ರದ ಸದ್ದಾಗಬಾರದೆಂದು ತಮ್ಮ ಕೆಲಸವನ್ನೂ ನಿಲ್ಲಿಸಿದ್ದರಂತೆ. ಎದ್ದ ಮೇಲೆ ನಾಚಿಕೊಂಡು ತಪ್ಪಾಯಿತು ಎಂದರೆ, "ಮನೆಗೆ ಸೊಸೆ ಬರ್ತಾಳೆ ಅಂದ್ಕೊಂಡಿದ್ದೆ, ಇಡೀ ಫುಟ್‌ಬಾಲ್ ಟೀಮೇ ಬಂದು ಮಲಗಿದೆ" ಎಂದರು. ನಗುತ್ತಲೇ ಅಂದರು, ಹೆದರಬೇಡ. ನಮ್ಮಿಬ್ಬರ ಮಧ್ಯೆ ಚೆನ್ನಾಗಿದೆ. ಎಷ್ಟು ಚೆನ್ನಾಗಿದೆಯೆಂದರೆ ನಿನ್ನ ಬಾಲ್ಯದ ಕಥೆಗಳೆಲ್ಲ ಈಗ ನನ್ನ ಕೈಯಲ್ಲಿವೆ. ಕೂದಲು ಕತ್ತರಿಸಲು ಬಂದವನನ್ನು ಕಂಡು ನೀನು ನೀರಿನ ಡ್ರಮ್ಮಿನಲ್ಲಿ ಅಡಗಿದ್ದು ಸಹ.

ಫೋನಿನಲ್ಲಿ ಮಾತಾಡೋಣವೆಂದರೆ ನಿನ್ನ ಹಿಂದೆ ಸಾಲುಗಟ್ಟಿ ನಿಂತವರು ಕೆಮ್ಮುವುದು ನನಗೂ ಕೇಳಿಸುತ್ತದೆ. ಅಷ್ಟು ಜನರ ಕೆಮ್ಮಿನ ನಡುವೆ "ನೀನಿಲ್ಲದೆ ಹಾಸಿಗೆ ಮೈದಾನದಂತಿದೆ" ಎಂದು ಹೇಗೆ ಹೇಳಲಿ? ಅದಕ್ಕೇ ಕಾಗದ. ಕನ್ನಡದಲ್ಲೇ ಬರಿ ಎಂದು ನೀನು ಹಟ ಹಿಡಿದಾಗ, ಇಂಗ್ಲಿಷ್ ಮೀಡಿಯಂನವಳಿಗೆ ಬೇಕೆಂದೇ ಕೊಟ್ಟ ಶಿಕ್ಷೆ ಎಂದುಕೊಂಡಿದ್ದೆ. ಈಗ ನೋಡಿದರೆ ನೀನೇ ಸರಿ. "ಡಿಯರ್ ಹಸ್ಬೆಂಡ್" ಎಂದು ಬರೆದರೆ ಬ್ಯಾಂಕಿನ ಪತ್ರದಂತೆ ಕಾಣುತ್ತದೆ. "ಮಹಾರಾಯ" ಎಂದು ಬರೆದ ಕೂಡಲೇ ನೀನು ಒದ್ದೆ ಟವಲನ್ನು ಹಾಸಿಗೆಯ ಮೇಲೆ ಎಸೆದು ಏನೂ ಅರಿಯದವನಂತೆ ನಿಂತದ್ದು ಕಣ್ಣಿಗೆ ಕಟ್ಟುತ್ತದೆ. ಬೆರಳಿನ ಉಂಗುರ ಇನ್ನೂ ಹೊಸದು, ಕೈ ತೊಳೆಯುವಾಗಲೆಲ್ಲ ಬೆಚ್ಚಿಬೀಳುತ್ತೇನೆ. ಅಷ್ಟರಲ್ಲೇ ಗಂಡ ಸಮುದ್ರದ ನಡುವೆ ಕಬ್ಬಿಣದ ಕಂಬಗಳ ಮೇಲೆ ನಿಂತು ತಳದಿಂದ ಎಣ್ಣೆ ತೆಗೆಯುತ್ತಿದ್ದಾನೆ. ಇದು ಯಾವ ನ್ಯಾಯ, ನಿನ್ನ ಕಂಪನಿಯವರನ್ನೇ ಕೇಳಿ ಹೇಳು.

ಈಗ ಶಾಲೆಯ ಸುದ್ದಿ. ಹೊಸ ಶಾಲೆ ಹಿಡಿಸಿದೆ. ಆರು, ಏಳು, ಎಂಟನೇ ಕ್ಲಾಸುಗಳಿಗೆ ನಾನೇ ಆಟದ ಮೇಡಂ. ಮೈದಾನವೆಂದರೆ ಜಲ್ಲಿಮಣ್ಣಿನ ಒಂದು ಚೌಕ. ಒಂದು ಕಡೆ ಬಸ್ ಡಿಪೋದ ಗೋಡೆ, ಇನ್ನೊಂದು ಕಡೆ ಬಲೆಯಿಲ್ಲದ ಗೋಲ್ ಕಂಬ, ಮೂರನೆಯ ಕಡೆ ಶಾಲೆಯ ಅಗಲವಾದ ಸಿಮೆಂಟ್ ಮೆಟ್ಟಿಲು. ಆ ಮೆಟ್ಟಿಲೇ ನನ್ನ ಶತ್ರು. ಆರನೆಯವರಿಗೆ ಮೆಟ್ಟಿಲಿನ ಗೊಡವೆಯಿಲ್ಲ, ಚೆಂಡು ಎಸೆದರೆ ನಾಯಿಮರಿಗಳಂತೆ ಹಿಂದೆ ಓಡುತ್ತಾರೆ. ಎಂಟನೆಯವರು ಪರಸ್ಪರ ತೋರಿಸಿಕೊಳ್ಳುವುದಕ್ಕಾದರೂ ಆಡುತ್ತಾರೆ. ಏಳನೆಯವರ ಕಥೆಯೇ ಬೇರೆ. ಅವರ ಕೈಕಾಲು ಇದ್ದಕ್ಕಿದ್ದಂತೆ ಉದ್ದವಾಗಿವೆ, ಅವನ್ನು ಎಲ್ಲಿಟ್ಟುಕೊಳ್ಳಬೇಕೆಂದು ಅವರಿಗೆ ಗೊತ್ತಿಲ್ಲ. ಹಾಗಾಗಿ ಮಡಿಸಿ ಮೆಟ್ಟಿಲ ಮೇಲೆ ಇಟ್ಟುಕೊಂಡು ಕೂರುತ್ತಾರೆ. ಪ್ರತಿಯೊಬ್ಬರ ಕೈಯಲ್ಲೂ ಮನೆಯಿಂದ ತಂದ ಚೀಟಿ. ಒಬ್ಬನಿಗೆ ಹಿಮ್ಮಡಿ ನೋವು, ಒಬ್ಬಳಿಗೆ ತಲೆಸುತ್ತು, ಇನ್ನೊಬ್ಬನ ಶೂ ಹೊಸದು, ಕೊಳೆಯಾಗಬಾರದಂತೆ. ಸ್ಟಾಫ್ ರೂಮಿನಲ್ಲಿ "ಹೊಟ್ಟೆನೋವಿನ ಮಹಾರಾಣಿ" ಎಂದೇ ಹೆಸರಾದ ಒಬ್ಬ ಎತ್ತರದ ಹುಡುಗಿ ಇದ್ದಾಳೆ. ಬೇರೆ ಯಾವ ಪಿರಿಯಡ್ಡಿನಲ್ಲೂ ಅವಳ ಹೊಟ್ಟೆ ಸೊಲ್ಲೆತ್ತುವುದಿಲ್ಲ. ನನ್ನ ಪೀಪಿ ಕೇಳಿದ ತಕ್ಷಣ ಅದಕ್ಕೆ ಜೀವ ಬರುತ್ತದೆ.

ಶುಕ್ರವಾರ ಹೆಡ್ ಮೇಡಂ ನನ್ನನ್ನು ಕರೆಸಿದರು. ಅವರ ಕಿಟಕಿ ಮೈದಾನಕ್ಕೇ ತೆರೆದುಕೊಳ್ಳುತ್ತದೆ, ಎಲ್ಲವನ್ನೂ ನೋಡಿದ್ದಾರೆ. ಅರ್ಧ ಕ್ಲಾಸು ಕೂತೇ ಇರುವುದಾದರೆ ಒಳಗೆ ಕೂತು ವಿಜ್ಞಾನ ಓದಲಿ, ಏಳನೆಯವರ ವಿಜ್ಞಾನದ ಅಂಕಗಳನ್ನು ನೋಡಿದರೆ ಅಳು ಬರುತ್ತದೆ ಎಂದರು. ಸೆಪ್ಟೆಂಬರ್ ಮೂರನೆಯ ಶನಿವಾರ ತಾವೇ ಬಂದು ನಿಲ್ಲುತ್ತಾರಂತೆ. ಅಂದೂ ಮೆಟ್ಟಿಲು ತುಂಬಿದ್ದರೆ ಆ ಪಿರಿಯಡ್ಡು ವಿಜ್ಞಾನಕ್ಕೆ ಹೋಗುತ್ತದೆ. ಜೊತೆಗೆ ಸಿಹಿಯಾಗಿ ಇನ್ನೊಂದು ಮಾತು ಸೇರಿಸಿದರು: ನನಗೆ ಜೀವಶಾಸ್ತ್ರದ ಡಿಗ್ರಿ ಇದೆಯಲ್ಲ, ಆ ವಿಜ್ಞಾನವನ್ನು ನಾನೇ ತೆಗೆದುಕೊಳ್ಳಬಹುದು, ಬಿಸಿಲಲ್ಲಿ ನಿಂತು ಪೀಪಿ ಊದುವುದಕ್ಕಿಂತ ವಾಸಿ. ನನ್ನ ಮೇಲಿನ ಪ್ರೀತಿಯಿಂದಲೇ ಹೇಳಿದರು, ಅದೇ ಇನ್ನೂ ಕಷ್ಟ. ಬೈದಿದ್ದರೆ ಎದುರಾಡಬಹುದಿತ್ತು.

ನಾನು ಬಿಡುವವಳಲ್ಲ. ಉಪಾಯ ಸಿದ್ಧವಾಗಿದೆ. ಕಾರಿಡಾರಿನಲ್ಲಿ ದೊಡ್ಡ ಚಾರ್ಟು ಹಾಕುತ್ತೇನೆ. ಮೈದಾನಕ್ಕೆ ಎರಡು ಸುತ್ತು ಓಡಲು ಯಾರಿಗೆ ಎಷ್ಟು ಹೊತ್ತು ಬೇಕಾಯಿತು ಎಂಬುದು ಹೆಸರಿನ ಸಮೇತ ಅದರಲ್ಲಿರುತ್ತದೆ, ಮೇಲಿನ ಮೂವರಿಗೆ ಬಂಗಾರದ ನಕ್ಷತ್ರ. ನನ್ನ ಶಾಲೆಯಲ್ಲಿ ಅಂಥ ಚಾರ್ಟಿನ ತುದಿಯಲ್ಲಿ ನನ್ನ ಹೆಸರು ನೋಡಿಯೇ ನಾನು ಓಟಕ್ಕೆ ಬಿದ್ದದ್ದು. ಅತ್ತೆ ಹೊಲಿಗೆಯ ಸೀಮೆಸುಣ್ಣದಲ್ಲಿ ಗೆರೆ ಎಳೆದುಕೊಟ್ಟಿದ್ದಾರೆ. ಎಷ್ಟು ನೇರವಾಗಿವೆ ಎಂದರೆ ಅವುಗಳ ಮೇಲೆ ನಾನೇ ಓಡಬೇಕೆನಿಸುತ್ತದೆ.

ಚೆನ್ನಾಗಿ ಊಟ ಮಾಡು. ಕಂಬಿಗೆ ಒರಗಬೇಡ.

ನಿನ್ನವಳೇ ಆದ,
ಪೀಪಿ

(ನೀನಿಟ್ಟ ಹೆಸರನ್ನು ಅತ್ತೆಗೆ ಹೇಳಲಿಲ್ಲ. ಕೇಳಿದರೆ ಅವರೂ ಹಾಗೇ ಕರೆಯಲು ಶುರುಮಾಡುತ್ತಾರೆ.)


ಆಗಸ್ಟ್ ೨೪, ಭಾನುವಾರ

ಕಡಲಿನ ನನ್ನ ಒಡೆಯನಿಗೆ,

ನಿನ್ನ ಕಾಗದ ಬಂತು. ಅತ್ತೆಯ ಎದುರು ಓದಲಾಗದೆ ಬಚ್ಚಲಿಗೆ ಒಯ್ದು ನಲ್ಲಿ ಬಿಟ್ಟುಕೊಂಡು ಓದಿದೆ. ಹೊರಗೆ ಬಂದಾಗ, ಕೈಕಾಲು ತೊಳೆದವಳ ಮುಖ ಇಷ್ಟು ಕೆಂಪಾಗುವುದನ್ನು ತಾವು ಎಲ್ಲೂ ನೋಡಿಲ್ಲ ಎಂದು ಸೂಜಿಗೆ ದಾರ ಪೋಣಿಸುತ್ತಾ ಹೇಳಿದರು. ಮೂರನೆಯ ಪುಟದಲ್ಲಿ ನೀನು ಬರೆದದ್ದನ್ನು ಇನ್ನೊಮ್ಮೆ ಬರೆ. ಬೇರೆ ಮಾತುಗಳಲ್ಲಿ ಬೇಡ, ಅದೇ ಮಾತುಗಳಲ್ಲಿ.

ಚಾರ್ಟಿನ ಕಥೆ ಕೇಳಿದೆಯಲ್ಲ, ಹೇಳುತ್ತೇನೆ. ಮಕಾಡೆ ಮಲಗಿತು.

ಮೊದಲ ವಾರ ಎಲ್ಲ ಚೆನ್ನಾಗಿತ್ತು. ಓಡಿದವರು ಓಡಿದರು. "ಚಿಗರೆ" ಎಂದು ಎಲ್ಲರೂ ಕರೆಯುವ ಒಬ್ಬ ಹುಡುಗನಿದ್ದಾನೆ, ತುದಿಯ ನಕ್ಷತ್ರ ಅವನಿಗೇ ಬಂತು. ದಿನಕ್ಕೆ ನಾಲ್ಕು ಸಲ ನೀರು ಕುಡಿಯುವ ನೆಪದಲ್ಲಿ ಆ ಕಾರಿಡಾರಿನಲ್ಲಿ ಹಾದುಹೋಗುತ್ತಿದ್ದ. ಎರಡನೆಯ ವಾರ ಮೆಟ್ಟಿಲ ಮೇಲೆ ಮೊದಲಿಗಿಂತ ಹೆಚ್ಚು ಜನ ಕೂತಿದ್ದರು. ಚೀಟಿಗಳು ಇಮ್ಮಡಿಯಾಗಿದ್ದವು. ಹಿಂದಿನ ವಾರ ಮನಸ್ಸಿಲ್ಲದೆ ಓಡಿದ್ದವರಿಗೂ ಈಗ ಹಿಮ್ಮಡಿ ನೋವು. ಇಡೀ ಕ್ಲಾಸಿಗೆ ಅಂಟುಜಾಡ್ಯ ಬಂದಂತಿತ್ತು, ಆ ಜಾಡ್ಯ ಹರಡಿದ್ದು ನನ್ನ ಚಾರ್ಟಿನಿಂದ.

ಚಾರ್ಟಿನ ಕೆಳತುದಿಯಲ್ಲಿ ಒಬ್ಬ ದಪ್ಪ ಹುಡುಗನ ಹೆಸರಿತ್ತು. ಯಾರೋ ಅದರ ಪಕ್ಕದಲ್ಲಿ ಪಂಕ್ಚರ್ ಆದ ಲಾರಿಯ ಚಿತ್ರ ಬರೆದಿದ್ದರು. ನೋಡಿ ನನಗೆ ಮೈ ಉರಿಯಿತು. ಅಳಿಸಲು ಹೋದರೆ ಆ ಹುಡುಗನೇ ಅಲ್ಲಿ ನಿಂತು ಪೆನ್ಸಿಲಿನಿಂದ ಲಾರಿಗೆ ನಂಬರ್ ಪ್ಲೇಟು ಬರೆಯುತ್ತಿದ್ದ. ಯಾಕೋ ಎಂದು ಕೇಳಿದೆ. ಲಾರಿ ಅನ್ನೋ ಹೆಸರು ತಾನೇ ಇಟ್ಟುಕೊಂಡಿದ್ದಂತೆ, ಬೇರೆಯವರು ಇನ್ನೂ ಕೆಟ್ಟದ್ದು ಇಡುವ ಮೊದಲೇ. "ಚಿತ್ರ ನಂದೇ ಅಂದ್ಮೇಲೆ ಸರಿಯಾಗಿರ್ಲಿ ಅಂತ, ಮಿಸ್" ಎಂದ. ತುಂಬ ವಿನಯದಿಂದ ಹೇಳಿದ. ನಾನು ಪ್ಲೇಟಿನ ಮೇಲೆ ಅಂಕಿ ಸರಿಯಾಗಿದೆಯೇ ಎಂದು ನೋಡುವವಳಂತೆ ಬಗ್ಗಿ ನಿಂತೆ.

ಮರುದಿನ ಉಳಿದವರನ್ನು ಚೆಂಡಾಟಕ್ಕೆ ಬಿಟ್ಟು ನಾನೂ ಹೋಗಿ ಮೆಟ್ಟಿಲ ಮೇಲೆ ಕೂತೆ. ಮಹಾರಾಣಿಯ ಪಕ್ಕದಲ್ಲೇ. ಅವಳು ತಕ್ಷಣ ಹೊಟ್ಟೆ ಹಿಡಿದುಕೊಂಡಳು. ಬಿಡು, ಇವತ್ತು ನನಗೂ ಹೊಟ್ಟೆನೋವು ಎಂದೆ. ನಂಬಲಿಲ್ಲ, ಆದರೂ ಕೈ ಸಡಿಲಿಸಿದಳು. ಇಬ್ಬರೂ ಸ್ವಲ್ಪ ಹೊತ್ತು ಡಿಪೋದಿಂದ ಬಸ್ಸುಗಳು ಹಿಮ್ಮುಖವಾಗಿ ಹೊರಬರುವುದನ್ನು ನೋಡುತ್ತಾ ಕೂತೆವು. ಅವಳಪ್ಪ ಅಲ್ಲಿ ಮೆಕ್ಯಾನಿಕ್ಕಂತೆ. ಯಾವ ಬಸ್ಸಿನ ಬ್ರೇಕು ಹೇಗೆ ಕಿರುಚುತ್ತದೆ ಎಂಬುದನ್ನೆಲ್ಲ ಹೇಳಿದಳು. ಆಮೇಲೆ ನಾನು ಕೇಳದೆಯೇ, ಬಸ್ಸನ್ನು ನೋಡುತ್ತಲೇ ಹೇಳಿದಳು:

"ಓಡಿದ್ರೆ ನಾನು ನಿಧಾನ ಅಂತ ಎಲ್ರಿಗೂ ಗೊತ್ತಾಗುತ್ತೆ ಮಿಸ್. ಓಡದೇ ಇದ್ರೆ ಬರೀ ಹೊಟ್ಟೆನೋವು ಅಂತ ಗೊತ್ತಾಗುತ್ತೆ."

ಮಹಾರಾಯ, ನಾನು ತರಬೇತಿ ಕಾಲೇಜಿನಲ್ಲಿ ಮಕ್ಕಳನ್ನು ಹುರಿದುಂಬಿಸುವುದರ ಬಗ್ಗೆ ಪುಸ್ತಕವೇ ಓದಿದ್ದೇನೆ, ಪರೀಕ್ಷೆಯಲ್ಲಿ ಅದರ ಮೇಲೆ ಪುಟಗಟ್ಟಲೆ ಗೀಚಿದ್ದೇನೆ. ಸೋಮಾರಿಗಳು ಎಂದುಕೊಂಡಿದ್ದೆನಲ್ಲ ಇವರನ್ನು. ಇವರು ಸೋಮಾರಿಗಳಲ್ಲ, ಲೆಕ್ಕ ಹಾಕಿ ಕೂತವರು. ಎರಡು ಅವಮಾನಗಳಲ್ಲಿ ಚಿಕ್ಕದನ್ನು ಆರಿಸಿಕೊಂಡವರು. ಚಿಗರೆಯಂಥವರಿಗೆ ಏಣಿಯಾದ ಚಾರ್ಟು ಉಳಿದವರಿಗೆ ಬಾವಿಯಾಗಿತ್ತು. ನಾನು ಯಾವತ್ತೂ ಏಣಿಯ ತುದಿಯಲ್ಲೇ ಇದ್ದವಳು, ಬಾವಿ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಅಂದೇ ಚಾರ್ಟು ತೆಗೆದೆ. ಚಿಗರೆಗೆ ಬೇಜಾರಾಯಿತು, ಅವನಿಗೊಂದು ನಕ್ಷತ್ರ ಕಿತ್ತು ಕೈಗೆ ಕೊಟ್ಟೆ.

ಈಗ ಹೊಸ ಆಟ. ಓಡುವ ಮೊದಲು ಪ್ರತಿಯೊಬ್ಬರೂ ತನಗೆ ಎರಡು ಸುತ್ತಿಗೆ ಎಷ್ಟು ಹೊತ್ತು ಬೇಕೆಂದು ನನ್ನ ಕಿವಿಯಲ್ಲಿ ಹೇಳಬೇಕು. ವಾಚುಗಳೆಲ್ಲ ನನ್ನ ಜೇಬಿಗೆ. ಯಾರು ಬೇಗ ಬಂದರು ಎಂಬುದು ಲೆಕ್ಕಕ್ಕಿಲ್ಲ. ಹೇಳಿದ ಮಾತಿಗೆ ಯಾರು ಹತ್ತಿರ ಬಂದರೋ ಅವರೇ ಗೆದ್ದವರು. ನಿಧಾನವೆಂದು ಹೇಳಿ ನಿಧಾನವಾಗಿ ಬಂದವನೂ ಗೆಲ್ಲಬಹುದು. ಜಂಬ ಕೊಚ್ಚಿದವನು ಗಾಳಿಯಂತೆ ಓಡಿ ಬಂದರೂ ಸೋಲಬಹುದು. ಮಕ್ಕಳು ಇದಕ್ಕೆ "ಮಾತಿನ ಓಟ" ಎಂದು ಹೆಸರಿಟ್ಟಿದ್ದಾರೆ.

ಮೊದಲ ಸಲ ಗೆದ್ದದ್ದು ಯಾರು ಹೇಳು? ಲಾರಿ. ಅವನಿಗೆ ತನ್ನ ನಿಧಾನ ಅಂಗೈ ಗೆರೆಯಷ್ಟು ಗೊತ್ತು. ಹೆಸರು ಕರೆದಾಗ ಹಿಂದೆ ತಿರುಗಿ ನೋಡಿದ, ಬೇರೆ ಯಾರನ್ನೋ ಕರೆದಿರಬೇಕೆಂದು. ಚಿಗರೆ ತಾನು ಹೇಳಿದ ಹೊತ್ತಿಗಿಂತ ಎಷ್ಟೋ ಹಿಂದೆ ಬಿದ್ದು ಮೈದಾನದ ತುಂಬ ಜಗಳ ತೆಗೆದ. ಮೆಟ್ಟಿಲ ಮೇಲಿದ್ದವರಲ್ಲಿ ಕೆಲವರು ಎದ್ದು ನಿಂತು ನೋಡಿದರು. ಕೂತವರು ಎದ್ದು ನಿಂತರೆ ಅರ್ಧ ಕೆಲಸ ಆದಂತೆ, ಅಲ್ಲವೇ?

ಅರ್ಧವೇ ಹೊರತು ಪೂರ್ತಿಯಲ್ಲ. ಎಲ್ಲರೂ ಒಟ್ಟಿಗೆ ಹೊರಡುವುದರಿಂದ ಕೊನೆಗೆ ಒಬ್ಬರು ಒಂಟಿಯಾಗಿ ಉಳಿಯುತ್ತಾರೆ, ಇಡೀ ಕ್ಲಾಸು ಸೊಂಟಕ್ಕೆ ಕೈಯಿಟ್ಟು ಅವರನ್ನೇ ನೋಡುತ್ತದೆ. ಲಾರಿ ಅದಕ್ಕೂ ವ್ಯಾಪಾರ ಕುದುರಿಸಿದ. "ಮಿಸ್, ಹೇಗೂ ಕೊನೇಲಿ ನಾನೇ ಬರೋದು. ನನ್ನನ್ನ ಮೊದ್ಲೇ ಬಿಟ್ಬಿಡಿ, ಇವರೆಲ್ಲ ಆಮೇಲೆ ಬರ್ಲಿ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ, ಮನೆಗೆ ಬರುವ ದಾರಿಯಲ್ಲಿ ನಗು ನಿಂತಿತು. ಅವನು ಹೇಳಿದ್ದರಲ್ಲಿ ತಮಾಷೆಯೇನೂ ಇರಲಿಲ್ಲ. ಹೆಚ್ಚು ಹೊತ್ತು ಬೇಕೆಂದವರನ್ನು ಮೊದಲು ಬಿಡುವುದು, ಕಡಿಮೆ ಸಾಕೆಂದವರನ್ನು ಆಮೇಲೆ. ಎಲ್ಲರೂ ತಮ್ಮ ಮಾತು ಉಳಿಸಿಕೊಂಡರೆ ಎಲ್ಲರೂ ಒಂದೇ ಕ್ಷಣಕ್ಕೆ ಗೆರೆ ಮುಟ್ಟಬೇಕು. ಮೊದಲನೆಯವರೂ ಇಲ್ಲ, ಕೊನೆಯವರೂ ಇಲ್ಲ.

ಇನ್ನು ಉಳಿದಿರುವುದು ಕೆಲವೇ ವಾರಗಳು. ಹೆಡ್ ಮೇಡಂ ಕಿಟಕಿಯಿಂದ ನೋಡುತ್ತಲೇ ಇದ್ದಾರೆ. ನೋಡಲಿ. ಜೀವಶಾಸ್ತ್ರ ನನಗೆ ಬೇಡ ಎಂದಲ್ಲ, ಎಲೆ, ಹೂವು, ಕಪ್ಪೆಯ ಹೃದಯ ಎಲ್ಲ ಇಷ್ಟವೇ. ಆದರೆ ಆ ಮೆಟ್ಟಿಲನ್ನು ಖಾಲಿ ಮಾಡದೆ ನಾನು ಈ ಮೈದಾನದಿಂದ ಕದಲುವುದಿಲ್ಲ.

ಅತ್ತೆ ನನ್ನ ಟ್ರ್ಯಾಕ್ ಪ್ಯಾಂಟಿಗೆ ವಾಚುಗಳಿಗೆಂದೇ ಒಂದು ದೊಡ್ಡ ಜೇಬು ಹೊಲಿದಿದ್ದಾರೆ. ನಡೆದರೆ ಗಡಿಯಾರದ ಅಂಗಡಿ ನಡೆದಂತೆ ಟಿಕ್ ಟಿಕ್ ಎನ್ನುತ್ತೇನೆ.

ಮೂರನೆಯ ಪುಟ ಮರೆಯಬೇಡ.

ನಿನ್ನ,
ಪೀಪಿ


ಸೆಪ್ಟೆಂಬರ್ ೨೧, ಭಾನುವಾರ

ನನ್ನ ಪ್ರೀತಿಯವನೇ,

ತಡವಾಯಿತು, ಗೊತ್ತು. ಎರಡು ದೋಣಿಗಳು ನನ್ನನ್ನು ಬಿಟ್ಟುಹೋದವು. ಶನಿವಾರ ಕಳೆಯುವವರೆಗೆ ಪೆನ್ನು ಮುಟ್ಟಬಾರದೆಂದು ಹಟ ಹಿಡಿದಿದ್ದೆ. ಸೋತರೆ ಎರಡು ಸಾಲು ಬರೆಯುತ್ತೇನೆ, ಗೆದ್ದರೆ ನಿನ್ನ ಕಣ್ಣು ನೋಯುವಷ್ಟು ಎಂದು ಅತ್ತೆಗೆ ಹೇಳಿದ್ದೆ. ಈಗ ಅವರು ಪಕ್ಕದಲ್ಲಿ ಕೂತು ಯಾರದೋ ಕೋಟಿನ ತೋಳು ಬಿಚ್ಚುತ್ತಾ, ನಾನೆಷ್ಟು ಹಾಳೆ ತೆಗೆದುಕೊಂಡೆ ಎಂದು ಓರೆಗಣ್ಣಿನಲ್ಲಿ ಎಣಿಸುತ್ತಿದ್ದಾರೆ. ಅದರಿಂದಲೇ ನಿನಗೆ ಅರ್ಥವಾಗಿರಬೇಕು.

ಆದರೂ ಕ್ರಮವಾಗಿ ಹೇಳುತ್ತೇನೆ. ನಡುವಿನ ವಾರಗಳು ಸುಲಭವಾಗಿರಲಿಲ್ಲ. ಈ ಪುಂಡರು ಎರಡೇ ದಿನದಲ್ಲಿ ಆಟದ ತೂತು ಹುಡುಕಿದರು. ತುಂಬ ಹೊತ್ತು ಬೇಕೆಂದು ಹೇಳಿ, ಆರಾಮವಾಗಿ ಹರಟುತ್ತಾ ನಡೆದು, ಗೆರೆಯ ಹತ್ತಿರ ಬಂದು ಮನಸ್ಸಿನಲ್ಲೇ ಎಣಿಸಿ ಕಾಲಿಡುವುದು. ಅದಕ್ಕೆ ನಾನು ಕಟ್ಟುಹಾಕಿದೆ: ಹೋದ ವಾರ ಹೇಳಿದ್ದಕ್ಕಿಂತ ಹೆಚ್ಚು ಹೊತ್ತು ಕೇಳುವಂತಿಲ್ಲ, ಕಡಿಮೆ ಕೇಳಬಹುದು. ಲಾರಿ ವಕೀಲನಂತೆ ವಾದಿಸಿದ. ಮಳೆ ಬಂದರೆ? ನೆಗಡಿಯಾದರೆ? ಹೊಸ ಶೂ ಕಚ್ಚಿದರೆ? ನೆಗಡಿಗೆ ಮಾತ್ರ ರಿಯಾಯಿತಿ ಕೊಟ್ಟೆ, ಮೂಗು ಸೋರುವುದನ್ನು ನನಗೆ ತೋರಿಸಬೇಕು ಎಂಬ ಷರತ್ತಿನ ಮೇಲೆ. ತಂಡ ಆರಿಸುವಾಗ ನಾಯಕರಿಬ್ಬರು ನಿಂತು ತಮಗೆ ಬೇಕಾದವರನ್ನು ಕರೆಯುವ ಪದ್ಧತಿಯನ್ನೂ ನಿಲ್ಲಿಸಿದೆ. ಕೊನೆಗೆ ಉಳಿದವರ ಮುಖ ನೋಡಿದ್ದು ಸಾಕು. ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡ ಹುಡುಗಿಗೆ ವಾಚ್ ಕೊಟ್ಟೆ. ಅವಳು ಅಧಿಕಾರಿಯಾದಳು, ನಾನೇ ಅವಳಿಗೆ ಹೆದರುತ್ತೇನೆ.

ಒಬ್ಬೊಬ್ಬರಾಗಿ ಇಳಿದು ಬಂದರು. ಮಹಾರಾಣಿ ಇಳಿದದ್ದು ತಡವಾಗಿ. ಮೊದಲು ಬರೀ ನಡೆದಳು. ಆಮೇಲೆ ಡಿಪೋದ ಗೋಡೆಯ ಬದಿಯಲ್ಲಿ, ಯಾರಿಗೂ ಕಾಣದ ಕಡೆ, ಸ್ವಲ್ಪ ಓಡಿದಳು. ನಾನು ಕಂಡೂ ಕಾಣದವಳಂತೆ ಇದ್ದೆ. ಇಂಥ ಹೊತ್ತಿನಲ್ಲಿ "ಶಾಭಾಸ್" ಎಂದು ಕೂಗುವುದೇ ನನ್ನ ಸ್ವಭಾವ. ತುಟಿ ಕಚ್ಚಿ ಹಿಡಿದೆ. ನಿನ್ನ ಹೆಂಡತಿ ಬಾಯಿ ಮುಚ್ಚಿಕೊಂಡಿರಲು ಕಲಿತಿದ್ದಾಳೆ, ಇದನ್ನು ಗೋಡೆಗೆ ಬರೆಸು.

ನಿನ್ನೆ ಶನಿವಾರ. ಹೆಡ್ ಮೇಡಂ ಕೊಡೆ ಹಿಡಿದು ಬಂದರು. ಕುರ್ಚಿ ಹಾಕಿಸಿದರೆ ಕೂರಲಿಲ್ಲ, ಮೊದಲು ಮೆಟ್ಟಿಲನ್ನು ನೋಡಿದರು. ಅಲ್ಲಿ ಒಬ್ಬನೇ ಒಬ್ಬ ಕೂತಿದ್ದ, ತೊಡೆಯ ಮೇಲೆ ಪುಸ್ತಕವಿಟ್ಟುಕೊಂಡು. ಅವನು ನನಗಿನ್ನೂ ದಕ್ಕಿಲ್ಲ. ಅದನ್ನು ಮುಚ್ಚಿಡಲಿಲ್ಲ, ಅವನಿಗೆ ಇನ್ನೂ ಸಮಯ ಬೇಕು ಎಂದೆ.

ಪ್ಲಾಸ್ಟರಿನ ಅಧಿಕಾರಿ ವಾಚು ನೋಡಿ ಕೈಯೆತ್ತಿದಳು. ಲಾರಿ ಮೊದಲು ಹೊರಟ, ಒಂಟಿಯಾಗಿ, ರಾಜನ ಹಾಗೆ. ಆಮೇಲೆ ಇಬ್ಬರು, ಆಮೇಲೆ ಮೂವರು. ಹೆಡ್ ಮೇಡಂಗೆ ಇದೇನೆಂದು ತಿಳಿಯಲಿಲ್ಲ. ಯಾಕೆ ಹೀಗೆ ಚಿಲ್ಲರೆ ಚಿಲ್ಲರೆಯಾಗಿ ಬಿಡುತ್ತಿದ್ದೀಯ ಎಂದು ಕೇಳಿದರು. ನೋಡಿ ಮೇಡಂ ಎಂದಷ್ಟೇ ಹೇಳಿದೆ. ಗೆರೆಯ ಮೇಲೆ ಉಳಿದ ಚಿಗರೆ ಕಟ್ಟಿಹಾಕಿದ ಕರುವಿನಂತೆ ಕುಣಿಯುತ್ತಿದ್ದ. ಅವನೂ ಹೊರಟ ಮೇಲೆ ಮೈದಾನದ ನಾಲ್ಕೂ ಬದಿಯಲ್ಲಿ ಮಕ್ಕಳಿದ್ದರು. ಯಾರು ಮುಂದೆ, ಯಾರು ಹಿಂದೆ ಎಂದು ಹೇಳಲಾಗದಂತೆ, ಕೆಲವರು ಎರಡನೆಯ ಸುತ್ತು, ಕೆಲವರು ಮೊದಲನೆಯದು. ಜಲ್ಲಿಯ ಮೇಲೆ ಕಾಲುಗಳ ಸದ್ದು ಮಾತ್ರ ಒಂದೇ ಸಮನೆ ಹೆಚ್ಚುತ್ತಾ ಬಂತು. ಕೊನೆಯ ತಿರುವಿನಲ್ಲಿ ಎಲ್ಲರೂ ಹತ್ತಿರ ಹತ್ತಿರವಾದರು. ನಾನು ಪೀಪಿ ಊದುವಾಗ ಲಾರಿ, ಚಿಗರೆ, ಹಿಮ್ಮಡಿ ನೋವಿನವನು, ತಲೆಸುತ್ತಿನವಳು, ಎಲ್ಲರೂ ಒಂದೇ ರಾಶಿಯಾಗಿ ಗೆರೆಯ ಮೇಲೆ ಬಿದ್ದರು. ಒಬ್ಬರ ಮೊಣಕೈ ಇನ್ನೊಬ್ಬರ ಹೊಟ್ಟೆಗೆ. ನಿನಗೆ ತೋರಿಸಬೇಕಿತ್ತು, ಮಹಾರಾಯ. ನಾನು ಎಷ್ಟೋ ಗೆರೆಗಳನ್ನು ಎಲ್ಲರಿಗಿಂತ ಮೊದಲು ದಾಟಿದ್ದೇನೆ, ಇಷ್ಟು ಚೆಂದದ ಗೆರೆ ನೋಡಿರಲಿಲ್ಲ.

ಯಾರು ಫಸ್ಟು ಎಂದು ಹೆಡ್ ಮೇಡಂ ಕೇಳಿದರು. ಮಕ್ಕಳು ಮುಖ ಮುಖ ನೋಡಿಕೊಂಡರು. ಪ್ರಶ್ನೆಯೇ ತಪ್ಪು ಎಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಕೊನೆಗೆ ಅವರು ಕೊಡೆಯ ತುದಿಯಿಂದ ದೂರಕ್ಕೆ ತೋರಿಸಿದರು. ಮಹಾರಾಣಿ ಇನ್ನೂ ಡಿಪೋದ ಗೋಡೆಯ ಹತ್ತಿರವೇ ಇದ್ದಳು. ಒಂಟಿಯಾಗಿ ಓಡುತ್ತಿದ್ದಳು, ಅಷ್ಟೂ ಜನರ ಕಣ್ಣೆದುರು. ಅವಳು ಏನಕ್ಕೆ ಹೆದರಿ ಅಷ್ಟು ದಿನ ಹೊಟ್ಟೆ ಹಿಡಿದುಕೊಂಡು ಕೂತಿದ್ದಳೋ ಅದೇ ಆಗಿತ್ತು. ಎಲ್ಲ ನಾನೇ ಮಾಡಿದ್ದು, ಇನ್ನು ಇವಳು ಜನ್ಮದಲ್ಲಿ ಮೆಟ್ಟಿಲು ಇಳಿಯುವುದಿಲ್ಲ ಎಂದುಕೊಂಡೆ.

ಬಂದಳು. ಮುಖ ಬೀಟ್‌ರೂಟಿನಂತಾಗಿತ್ತು. ಮಂಡಿಯ ಮೇಲೆ ಕೈಯೂರಿ ನಿಂತಳು. ಅವಳ ಖ್ಯಾತಿ ತಿಳಿದಿದ್ದ ಹೆಡ್ ಮೇಡಂ ಬಗ್ಗಿ ಕೇಳಿದರು:

"ಯಾಕಮ್ಮಾ, ಹೊಟ್ಟೆನೋವಾ?"

"ಇಲ್ಲ ಮೇಡಂ, ದುರಾಸೆ" ಎಂದಳು.

ಅವರಿಗೆ ಅರ್ಥವಾಗಲಿಲ್ಲ. ಅವಳೇ ಉಸಿರು ಹಿಡಿದುಕೊಳ್ಳುತ್ತಾ ವಿವರಿಸಿದಳು. ಹೋದ ವಾರಕ್ಕಿಂತ ತುಂಬ ಕಡಿಮೆ ಹೊತ್ತು ಸಾಕೆಂದು ನನ್ನ ಕಿವಿಯಲ್ಲಿ ಹೇಳಿಬಿಟ್ಟಿದ್ದಳಂತೆ, ಅದಕ್ಕೇ ಹೊರಡುವ ಸರದಿಯೂ ತಡವಾಗಿ ಬಂತಂತೆ. ಹೌದು, ಹೇಳಿದ್ದಳು. ಗಡಿಬಿಡಿಯಲ್ಲಿ ನಾನೇ ಗಮನಿಸಿರಲಿಲ್ಲ. ಮುಂದಿನ ವಾರ ಸ್ವಲ್ಪ ನೋಡಿಕೊಂಡು ಹೇಳುತ್ತಾಳಂತೆ. ಆಮೇಲೆ ಅಧಿಕಾರಿಯ ಹತ್ತಿರ ಹೋಗಿ ವಾಚು ನೋಡಿದಳು, ತನಗೆ ನಿಜವಾಗಿ ಹಿಡಿದ ಹೊತ್ತು ಎಷ್ಟೆಂದು. ಇಷ್ಟು ಬೇಗ ಅವಳು ಯಾವತ್ತೂ ಬಂದಿರಲಿಲ್ಲ. ಎಲ್ಲರಿಗಿಂತ ಹಿಂದೆ ಬಿದ್ದವಳು, ಜಗಳಗಂಟಿಯಂತೆ, ವಾಚು ಸರಿಯಾಗಿ ನಡೆಯುತ್ತಿದೆಯೇ ಎಂದು ಅಧಿಕಾರಿಯ ಜೊತೆ ತಗಾದೆ ತೆಗೆದು ನಿಂತಿದ್ದಳು. ನಾನು ಬೇರೆ ಕಡೆ ತಿರುಗಿಕೊಂಡು ಪೀಪಿಯ ದಾರ ಬಿಡಿಸಬೇಕಾಯಿತು. ದಾರ ಸಿಕ್ಕಾಗಿರಲಿಲ್ಲ.

ಆಮೇಲೆ ಆಫೀಸಿಗೆ ಕರೆಸಿಕೊಂಡರು. ಏಳನೆಯವರ ಪಿರಿಯಡ್ಡು ಈ ವರ್ಷ ಪೂರ್ತಿ ನನ್ನದೇ, ಮುಂದಿನ ವರ್ಷದ್ದು ಮುಂದೆ ನೋಡೋಣ ಎಂದರು. ವಿಜ್ಞಾನಕ್ಕೆ ಬೇರೆ ದಾರಿ ಹುಡುಕುತ್ತಾರಂತೆ. ನಾನು ಕುಣಿದು ಹೊರಡುವಷ್ಟರಲ್ಲಿ, ಬಾಗಿಲ ಹತ್ತಿರ ತಡೆದು, ಎಂಟನೆಯವರಿಗೆ ಜೀವಶಾಸ್ತ್ರದ ಜಾಗ ಖಾಲಿಯಿದೆ ಎಂದು ತಿಳಿಸಿದರು. ಆಟ ಬಿಟ್ಟು ಅದಕ್ಕೆ ಬಂದುಬಿಡಲು ಇದು ಒಳ್ಳೆಯ ಹೊತ್ತು, ಗೆದ್ದು ಬಿಟ್ಟಂತಾಗುತ್ತದೆ ಎಂದರು. "ನಾಳೆ ನಾಲ್ಕು ಜನರ ಮುಂದೆ ಹೇಳ್ಕೊಳ್ಳೋಕೂ ಚೆನ್ನಾಗಿರುತ್ತೆ, ಯೋಚ್ನೆ ಮಾಡು."

"ಯೋಚ್ನೆ ಆಗಿದೆ ಮೇಡಂ" ಎಂದೆ. "ನಾನು ಆಟದ ಮೇಡಂ. ನಾಲ್ಕು ಜನರ ಮುಂದೆ ಅದನ್ನೇ ಹೇಳ್ಕೊಳ್ತೀನಿ."

ದನಿ ಏರಿಸಲಿಲ್ಲ. ಏರಿಸುವ ಅಗತ್ಯ ಬರಲಿಲ್ಲ. ಅವರು, ಹಾಗಾದರೆ ಆ ಗೋಲ್ ಕಂಬಕ್ಕೆ ಬಲೆ ಬೇಕೆಂದು ಅರ್ಜಿ ಬರೆದುಕೊಡು ಎಂದರು. ಬರೆದುಕೊಟ್ಟೇ ಮನೆಗೆ ಬಂದೆ.

ಅತ್ತೆಗೆ ಬಾಗಿಲಲ್ಲೇ ಎಲ್ಲ ಹೇಳಿದೆ. ದುರಾಸೆಯ ಮಾತು ಕೇಳಿ ಅವರು ನಗುನಗುತ್ತಾ ಕಣ್ಣೊರೆಸಿಕೊಂಡರು. ನಿನಗೆ ತಮ್ಮ ಆಶೀರ್ವಾದ ಬರೆಯಲು ಹೇಳಿದ್ದಾರೆ: ಮೈ ಗಟ್ಟಿಯಾಗಿರಲಿ, ಗಾಳಿಗೆ ಕಿವಿ ಮುಚ್ಚಿಕೋ, ಹಸಿದು ಮಲಗಬೇಡ. ಹೆಂಡತಿಯಾದವಳು ಆಶೀರ್ವದಿಸಬಾರದೆಂದು ಎಲ್ಲೂ ಬರೆದಿಲ್ಲವಾದ್ದರಿಂದ ನನ್ನದೂ ಸೇರಿಸುತ್ತೇನೆ. ನೂರು ವರ್ಷ ಬಾಳು, ತೊಂಬತ್ತರಲ್ಲೂ ನನ್ನ ಜೊತೆ ಎರಡು ಸುತ್ತು ಓಡುವಂತಾಗು, ನಿನ್ನ ಹೊಟ್ಟೆ ಪ್ಯಾಂಟಿನ ಪಟ್ಟಿಯೊಳಗೇ ಇರಲಿ. ಅಕ್ಟೋಬರಿನಲ್ಲಿ ನೀನು ದೋಣಿಯಿಂದ ಇಳಿಯುವಾಗ ದಡದಲ್ಲಿ ಅತಿ ಎತ್ತರಕ್ಕೆ ಜಿಗಿಯುತ್ತಿರುವವಳು ಯಾರೋ ಅವಳೇ ನಾನು.

ನಿನ್ನನ್ನು ಬಹಳ ಬಹಳ ಪ್ರೀತಿಸುವ,
ಪೀಪಿ

ತಾ.ಕ.: ಕಾಗದ ಮಡಿಸಿ ಲಕೋಟೆಗೆ ಹಾಕಿದವಳು ಮತ್ತೆ ತೆಗೆದೆ. ಒಂದು ಮಾತು ಉಳಿದಿದೆ. ಮದುವೆಯ ಸಂಜೆ ನಿನ್ನ ದೊಡ್ಡ ಸಾಹೇಬರು ಬಂದು, ಹುಡುಗಿ ಏನು ಮಾಡ್ತಾಳೆ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ನೀನು, "ಟೀಚರ್ ಸಾರ್, ಬಯಾಲಜಿ" ಎಂದೆ. ಅವರ ಹಿಂದಿದ್ದವರಿಗೂ ಹಾಗೇ ಹೇಳಿದೆ. ನಾನು ಹೂಗುಚ್ಛ ಹಿಡಿದುಕೊಂಡು ನಕ್ಕೆ. ಆ ಕ್ಷಣದ ಫೋಟೋವನ್ನೇ ಅತ್ತೆ ಚೌಕಟ್ಟು ಹಾಕಿಸಿ ಹಾಲಿನಲ್ಲಿ ತೂಗುಹಾಕಿದ್ದಾರೆ, ಎಲ್ಲದಕ್ಕಿಂತ ಅದರಲ್ಲೇ ನಾನು ಚೆನ್ನಾಗಿ ಬಂದಿದ್ದೇನಂತೆ. ದಿನಾ ಬೆಳಿಗ್ಗೆ ಅದರ ಕೆಳಗೆ ಕೂತೇ ಶೂ ಕಟ್ಟಿಕೊಳ್ಳುತ್ತೇನೆ. ನೀನು ಕೆಟ್ಟವನಲ್ಲ, ನನ್ನನ್ನು ದೊಡ್ಡವಳನ್ನಾಗಿ ತೋರಿಸಲು ಹೇಳಿದೆ, ಅದು ನನಗೆ ಗೊತ್ತು. ಆದರೂ ಇಷ್ಟು ದಿನ ಇದನ್ನು ಬರೆಯಲಾಗಲಿಲ್ಲ. ಅಕ್ಟೋಬರಿನಲ್ಲಿ ನಿಮ್ಮ ಆಫೀಸಿನವರ ಊಟವಿದೆ ಎಂದಿದ್ದೀಯಲ್ಲ, ಬರುತ್ತೇನೆ. ಅಲ್ಲಿ ಯಾರಾದರೂ ಮತ್ತೆ ಕೇಳಿದರೆ ನಾನು ಬಾಯಿ ತೆರೆಯುವುದಿಲ್ಲ. ನೀನೇ ಹೇಳಬೇಕು. ನಾನು ಪಕ್ಕದಲ್ಲೇ ನಿಂತಿರುತ್ತೇನೆ.